ಅಳು ಬಾರದಿದ್ದ ಮಗನಿಗೆ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಉಳಿದ ವಿಷಯಗಳನ್ನು ಫೋನಿನಲ್ಲಿ ಮಾತಾಡಿದರಾಯಿತು. ಕೊನೆಯಲ್ಲಿ ನೀನು ಬರೆದ ಮಾತು ಮಾತ್ರ ನನ್ನ ಮನಸ್ಸನ್ನು ಕಲಕಿಬಿಟ್ಟಿದೆ. ಗೆಳೆಯರ ಜೊತೆ ಕುಳಿತು ಜಪಾನಿನ ನಿರ್ದೇಶಕ ಓಜು ಅವರ ‘ಟೋಕಿಯೋ ಸ್ಟೋರಿ’ ಸಿನಿಮಾ ನೋಡಿದೆ, ಎಲ್ಲರೂ ಕಣ್ಣೊರೆಸಿಕೊಂಡರು, ನನಗೆ ಏನೂ ಅನ್ನಿಸಲಿಲ್ಲ, ಆದರೂ ಅವರ ಜೊತೆ ಸೇರಿ ಹೊಗಳಿದೆ, ಈಗ ಯಾವ ಸಿನಿಮಾ ನೋಡಿದರೂ ನನಗೆ ಅನ್ನಿಸಿದ್ದು ಯಾವುದು, ಓದಿ ತಿಳಿದದ್ದು ಯಾವುದು ಎಂಬುದೇ ಗೊತ್ತಾಗುತ್ತಿಲ್ಲ, ಒಳಗೆ ಏನೋ ಬತ್ತಿಹೋಯಿತೇ ಎಂದು ಭಯವಾಗುತ್ತದೆ ಎಂದಿದ್ದೀಯ.

ಮಗು, ಅಳು ಬರಲಿಲ್ಲವೆಂಬುದರ ಬಗ್ಗೆ ನನಗೆ ಚಿಂತೆಯಿಲ್ಲ. 1953ರ ಆ ಚಿತ್ರದಲ್ಲಿ ಒನೊಮಿಚಿ ಎಂಬ ಊರಿನಿಂದ ವಯಸ್ಸಾದ ದಂಪತಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಡಾಕ್ಟರಾಗಿರುವ ಮಗನಿಗೆ ಪುರುಸೊತ್ತಿಲ್ಲ. ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೆ ಇವರನ್ನು ಎಲ್ಲಿ ಕೂರಿಸುವುದೆಂಬ ಚಿಂತೆ. ಕೊನೆಗೆ ಇಬ್ಬರೂ ಸೇರಿ ದುಡ್ಡು ಹಾಕಿ ಅವರನ್ನು ಅಟಾಮಿಯ ಬಿಸಿನೀರಿನ ಬುಗ್ಗೆಗಳಿಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗದ್ದಲ, ನಿದ್ದೆಯಿಲ್ಲ. ಮರುದಿನ ಬೆಳಿಗ್ಗೆ ಕಡಲ ದಂಡೆಯ ಕಟ್ಟೆಯಿಂದ ಎದ್ದೇಳುವಾಗ ಆ ತಾಯಿಗೆ ತಲೆ ಸುತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸುಧಾರಿಸಿಕೊಳ್ಳುತ್ತಾಳೆ. ಓಜು ಅದನ್ನು ದೊಡ್ಡದು ಮಾಡುವುದಿಲ್ಲ. ನಾನು ಈಗ ಆ ತಾಯಿಯ ವಯಸ್ಸನ್ನು ದಾಟಿದವಳು, ಎದ್ದು ನಿಲ್ಲುವಾಗ ಗೋಡೆ ಹಿಡಿಯುವವಳು, ಆದ್ದರಿಂದ ನನಗೆ ಅಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ನಿನ್ನ ವಯಸ್ಸಿಗೆ ಅದು ಒಬ್ಬ ಮುದುಕಿ ಎಡವಿದ ದೃಶ್ಯವಾಗಿ ಕಂಡರೆ ಅದರಲ್ಲಿ ತಪ್ಪೇನು?

ನನ್ನನ್ನು ಕಾಡುತ್ತಿರುವುದು ನೀನು ಹೊಗಳಿದೆ ಎಂಬ ಸಂಗತಿ. ಸಿನಿಮಾ ಮಾಡಿದ ದೊಡ್ಡವರೇ ಇನ್ನೊಬ್ಬರ ಸಿನಿಮಾದ ಮುಂದೆ ಹೀಗೆ ಅಂಜಿಕೊಂಡವರಲ್ಲ. ಸ್ವೀಡನ್ನಿನ ಬರ್ಗ್‌ಮನ್ ಅವರಿಗೆ ಜಗತ್ತೆಲ್ಲ ಕೊಂಡಾಡಿದ ‘ಸಿಟಿಜನ್ ಕೇನ್’ ಬೇಸರ ತರಿಸಿತ್ತು, ಅದನ್ನು ಅವರು ಬಾಯಿಬಿಟ್ಟೇ ಹೇಳಿದರು. ಇಟಲಿಯ ಆಂಟೋನಿಯೋನಿಯವರ ಎರಡು ಚಿತ್ರಗಳನ್ನು ಮನಸಾರೆ ಮೆಚ್ಚಿ, ಉಳಿದವುಗಳಲ್ಲಿ ಹೆಚ್ಚಿನವು ತಮಗೆ ಸೇರಲಿಲ್ಲವೆಂದರು. ಅವರಿಬ್ಬರೂ 2007ರ ಜುಲೈ 30ರಂದು, ಒಂದೇ ದಿನ ತೀರಿಕೊಂಡರು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಾತೇ. ಬರ್ಗ್‌ಮನ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಅದು ಅವರದೇ ಮಾತು. ಇರಾನಿನ ಕಿಯರೊಸ್ತಮಿಯವರ ‘ಟೇಸ್ಟ್ ಆಫ್ ಚೆರ್ರಿ’ಗೆ 1997ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಅದೇ ಚಿತ್ರಕ್ಕೆ ನಾಲ್ಕರಲ್ಲಿ ಒಂದೇ ನಕ್ಷತ್ರ ಕೊಟ್ಟರು. ತಮ್ಮ ಚಿತ್ರ ನೋಡುತ್ತಾ ಜನ ನಿದ್ದೆ ಹೋದರೂ ಬೇಸರವಿಲ್ಲ ಎಂದ ನಿರ್ದೇಶಕರೂ ಆ ಕಿಯರೊಸ್ತಮಿಯವರೇ. ಹೀಗಿರುವಾಗ ಏನೂ ಅನ್ನಿಸಲಿಲ್ಲ ಎಂದ ಮಾತ್ರಕ್ಕೆ ನೀನು ಬತ್ತಿಹೋದವನು ಹೇಗಾಗುತ್ತೀಯ?

ನಾನು ಇಷ್ಟೊಂದು ಕಳವಳಪಡುವುದಕ್ಕೆ ಕಾರಣವಿದೆ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದ ಮೇಲೆ ನಮ್ಮಂಥ ಹಳ್ಳಿಯವರಿಗೂ ಹೊರದೇಶದ ಚಿತ್ರಗಳು ಕಾಣಸಿಕ್ಕವು. ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಲು ನಿನ್ನ ಅಜ್ಜನ ಜೊತೆ ಹೋಗಿದ್ದೆ. ಆ ವರ್ಷ ನಮ್ಮ ಮನೆಯ ಸ್ಥಿತಿ ಹೇಗಿತ್ತೆಂದು ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಸೈಕಲ್ಲು ಕಳೆದುಕೊಂಡ ಅಪ್ಪ ಕೊನೆಗೆ ತಾನೇ ಒಂದು ಸೈಕಲ್ಲು ಕದಿಯಲು ಹೋಗಿ, ಮಗನ ಕಣ್ಣೆದುರೇ ಜನರ ಕೈಗೆ ಸಿಕ್ಕಿಬೀಳುತ್ತಾನೆ. ಕೆಳಗೆ ಬಿದ್ದ ಅಪ್ಪನ ಟೋಪಿಯನ್ನು ಆ ಪುಟ್ಟ ಹುಡುಗ ಎತ್ತಿಕೊಂಡು ಧೂಳು ಕೊಡವುತ್ತಾನೆ. ಆಮೇಲಿನ ಚರ್ಚೆಯಲ್ಲಿ ತಿಳಿದವರು ಯುದ್ಧ ಮುಗಿದ ಇಟಲಿಯ ನಿರುದ್ಯೋಗದ ಬಗ್ಗೆ, ನಟನೇ ಅಲ್ಲದ ಕಾರ್ಖಾನೆ ಕೆಲಸಗಾರನನ್ನು ನಾಯಕನನ್ನಾಗಿ ಮಾಡಿದ ನಿರ್ದೇಶಕರ ಧೈರ್ಯದ ಬಗ್ಗೆ ಮಾತಾಡಿದರು. ಎಲ್ಲವೂ ಸರಿಯಾದ ಮಾತುಗಳೇ. ನನಗೆ ಮಾತ್ರ ಆ ಟೋಪಿಯ ಹೊರತು ಬೇರೇನೂ ಹೊಳೆಯಲಿಲ್ಲ, ಅದನ್ನು ಅಲ್ಲಿ ಹೇಳಲು ನಾಚಿಕೆಯಾಯಿತು. ಮನೆಯ ದಾರಿಯಲ್ಲಿ ನನ್ನ ಅಪ್ಪನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಅವರು ಆ ದಿನ ಪರದೆಯ ಮೇಲೆ ಏನು ಕಂಡರೋ ಎಂಬುದು ಇನ್ನು ಯಾರಿಂದಲೂ ತಿಳಿಯುವಂತಿಲ್ಲ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ದೊಡ್ಡ ಕೊರಗುಗಳಲ್ಲಿ ಅದೂ ಒಂದು.

ಅನ್ನಿಸಿದ್ದನ್ನು ಮುಚ್ಚಿಟ್ಟುಕೊಂಡವಳು ನಾನು, ಅನ್ನಿಸದ್ದನ್ನು ಅನ್ನಿಸಿತೆಂದವನು ನೀನು. ಎರಡರಲ್ಲೂ ನಮ್ಮ ಮಾತು ನಮಗೇ ದೂರವಾಗುತ್ತದೆ ಎಂಬುದೇ ನನ್ನ ಹೆದರಿಕೆ. ಉಪಾಯ ಹೇಳುವಷ್ಟು ತಿಳಿದವಳು ನಾನಲ್ಲ. ಚಿತ್ರ ನೋಡುವ ಮೊದಲು ಅದರ ವಿಮರ್ಶೆ, ರೇಟಿಂಗು ಓದದಿದ್ದರೆ ಒಳ್ಳೆಯದೇನೋ. ಕೈಯಲ್ಲೇ ಫೋನಿರುವ ನಿಮಗೆ ಅದು ಕಷ್ಟವೆಂದೂ ಬಲ್ಲೆ. ನೋಡಿದ ರಾತ್ರಿ ಯಾರೊಂದಿಗೂ ಮಾತಾಡುವ ಮೊದಲು, ಕಣ್ಣಿಗೆ ಕಟ್ಟಿದ ಒಂದು ವಸ್ತುವನ್ನೋ ಮುಖವನ್ನೋ ಬರೆದಿಟ್ಟು ನೋಡು. ಏನೂ ಕಟ್ಟದಿದ್ದರೆ ಏನೂ ಇಲ್ಲವೆಂದೇ ಬರೆ. ಆಗುವುದಾದರೆ ಒಮ್ಮೆ ಒಬ್ಬನೇ ಹೋಗಿ ನೋಡು. ಪಕ್ಕದವರ ಕಣ್ಣೀರು ಎಂಥವರಿಗಾದರೂ ಇಕ್ಕಟ್ಟು ತರುತ್ತದೆ.

ಒಂದು ಮಾತು ಮರೆತಿದ್ದೆ. ‘ಟೋಕಿಯೋ ಸ್ಟೋರಿ’ಯ ಕೊನೆಯಲ್ಲಿ ಕಿರಿಯ ಮಗಳು ಅಕ್ಕ ಅಣ್ಣಂದಿರ ಮೇಲೆ ಸಿಟ್ಟಾಗುತ್ತಾಳೆ, ವಿಧವೆ ಅತ್ತಿಗೆ ಅವಳನ್ನು ಸಮಾಧಾನಪಡಿಸುತ್ತಾಳೆ. ಆ ಸಿಟ್ಟು ಸರಿಯೆಂದು ನಿನಗೆ ಕಂಡಿತೇ, ಅತ್ತಿಗೆಯ ಸಮಾಧಾನ ಸರಿಯೆಂದು ಕಂಡಿತೇ? ಗೆಳೆಯರು ಏನೆಂದರೆಂದು ನನಗೆ ಬೇಡ. ಎರಡೂ ನೆನಪಿಲ್ಲವಾದರೆ ನೆನಪಿಲ್ಲವೆಂದೇ ಬರೆ, ನಾನು ಬೇಸರಪಡುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ