ಎತ್ತಿನ ಕಾಗದ: ಗೆಳೆಯ ಬಸುವಿಗೊಂದು ಪತ್ರ

ಪುಣೆ, ಶನಿವಾರ ರಾತ್ರಿ

ಪ್ರಿಯ ಬಸು,

ಇವತ್ತು ನಮ್ಮಜ್ಜನ ಆ ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಕಾಗದ ಹಿಡಿದುಕೊಂಡು ಅಪ್ಪಾ ಬಳವಂತ ಚೌಕದ ಹತ್ತಿರ ಝೆರಾಕ್ಸ್ ಮಾಡಿಸಲು ಹೋಗಿದ್ದೆ. ಶಾಲೆ ಶುರುವಾಗುವ ದಿನಗಳು, ಪುಸ್ತಕದ ಅಂಗಡಿಗಳ ಮುಂದೆ ಕಾಲಿಡಲು ಜಾಗವಿಲ್ಲ. ಸರಿಯಾಗಿ ನನ್ನ ಸರದಿಗೇ ಮಷೀನಿನಲ್ಲಿ ಪೇಪರ್ ಸಿಕ್ಕಿಕೊಂಡಿತು. ಅಂಗಡಿಯವನು ಪಕ್ಕದ ಬಾಗಿಲು ತೆಗೆದು, ಮುದುಡಿದ ಹಾಳೆ ಎಳೆದ. ಅಕ್ಷರ ಮೂಡಿತ್ತು, ಆದರೆ ಪುಡಿಯನ್ನು ಕಾಗದಕ್ಕೆ ಅಂಟಿಸುವ ಬಿಸಿ ಇನ್ನೂ ತಾಗಿರಲಿಲ್ಲ. ಬೆರಳು ಸೋಕಿದಲ್ಲೆಲ್ಲ ಕರಿ ಪುಡಿಯಾಗಿ ಅಳಿಸಿಹೋಯಿತು. ಮೋಡಿ ಓದುವ ಪ್ರೋಗ್ರಾಂ ಹಿಡಿದು 13 ವರ್ಷದಿಂದ ಕೂತಿರುವ ನಿನ್ನ ನೆನಪಾಯಿತು ನೋಡು.

ಈ ಪುಡಿಯ ಹಿಂದೆ ಚೆಸ್ಟರ್ ಕಾರ್ಲ್‌ಸನ್ ಎಂಬ ಮನುಷ್ಯ ಇದ್ದಾನೆ. ನ್ಯೂಯಾರ್ಕಿನಲ್ಲಿ ಪೇಟೆಂಟ್ ಕಾಗದಗಳ ಕೆಲಸ. ಎಷ್ಟು ನಕಲು ಇದ್ದರೂ ಸಾಲದು. ಕೈಯಿಂದ ಬರೆಯೋಣವೆಂದರೆ ಕೀಲುನೋವು. 1938ರ ಅಕ್ಟೋಬರ್ 22ರಂದು, ಅಸ್ಟೋರಿಯಾದ ಒಂದು ಕೋಣೆಯಲ್ಲಿ, ಗಂಧಕ ಬಳಿದ ಸತುವಿನ ಹಲಗೆಯನ್ನು ಬಟ್ಟೆಯಿಂದ ಉಜ್ಜಿದ. ಗಾಜಿನ ಮೇಲೆ ಆ ದಿನದ ತಾರೀಖು, ಊರಿನ ಹೆಸರು ಬರೆದು ಹಲಗೆಯ ಮೇಲಿಟ್ಟು ಬೆಳಕು ಬಿಟ್ಟ. ಪುಡಿ ಉದುರಿಸಿ ಊದಿದ. ಬರೆದದ್ದು ಪುಡಿಯಲ್ಲಿ ಉಳಿಯಿತು. ಅಷ್ಟೇ ಪ್ರಯೋಗ.

ಆಮೇಲೆ 20ಕ್ಕೂ ಜಾಸ್ತಿ ಕಂಪನಿಗಳ ಬಾಗಿಲು ತಟ್ಟಿದ. ಐಬಿಎಂ, ಜಿಇ, ಯಾರಿಗೂ ಬೇಡವಾಯಿತು. 1944ರಲ್ಲಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ ಕೈ ಹಿಡಿಯಿತು. ಮರುವರ್ಷ ಮದುವೆ ಮುರಿಯಿತು. ಇದನ್ನು ಯಾಕೆ ಬರೆದೆ ಅಂದರೆ, ಇಂಥ ಕಥೆ ಹೇಳುವವರು ಈ ಸಾಲನ್ನು ನುಂಗಿಬಿಡುತ್ತಾರೆ. ನಿನ್ನ ಹೆಂಡತಿ, ನಮ್ಮ ವೈನಿ, ಹೋದ ಸಲ ಫೋನಿನಲ್ಲಿ ನಿನ್ನ ಬಗ್ಗೆ ಏನೂ ಹೇಳಲಿಲ್ಲ. ಏನೂ ಹೇಳದಿದ್ದದ್ದೇ ನನಗೆ ಕೇಳಿಸಿತು.

ಕೊನೆಗೆ ಹ್ಯಾಲಾಯ್ಡ್ ಎಂಬ ಫೋಟೋ ಪೇಪರ್ ಕಂಪನಿ, ಅದರ ಯಜಮಾನ ಜೋ ವಿಲ್ಸನ್, ಗಳಿಸಿದ್ದನ್ನೆಲ್ಲ ಇದರ ಮೇಲೆ ಸುರಿದ. ಅವರ ನಕಲು ಮಷೀನು ಝೆರಾಕ್ಸ್ 914 ಹೊರಬಂದದ್ದು 1959ರ ಸೆಪ್ಟೆಂಬರಿನಲ್ಲಿ. 21 ವರ್ಷ! ತಮಾಷೆ ಏನು ಗೊತ್ತಾ? ಕಾರ್ಲ್‌ಸನ್ನನ ಮುಖ್ಯ ಪೇಟೆಂಟ್ ಸಿಕ್ಕಿದ್ದು 1942ರ ಅಕ್ಟೋಬರಿನಲ್ಲಿ. ಆಗಿನ ಅಮೆರಿಕದ ಲೆಕ್ಕದಲ್ಲಿ ಅದರ ಆಯಸ್ಸು 17 ವರ್ಷ. ಅಂದರೆ ಮಷೀನು ಬಂದ ಮರುತಿಂಗಳೇ ಪೇಟೆಂಟ್ ಮುಗಿಯಿತು. ಮುಂದೆ ಕಾಪಾಡಿದ್ದು ನಡುವಿನ ವರ್ಷಗಳಲ್ಲಿ ಮಾಡಿಕೊಂಡ ಸುಧಾರಣೆಗಳ ಪೇಟೆಂಟುಗಳು.

ನನ್ನದು ಲೆಕ್ಕ ಬರೆಯುವ ಕೆಲಸ, ಕಣ್ಣು ದುಡ್ಡಿನ ಕಡೆಗೇ ಹೋಗುತ್ತದೆ. ಬ್ಯಾಟೆಲ್ಲಿಗಾಗಲಿ ವಿಲ್ಸನ್ನಿಗಾಗಲಿ ಇಂಥ ದಿನ ಹಣ ವಾಪಸ್ ಕೊಡಬೇಕೆಂಬ ಗಡುವು ಇರಲಿಲ್ಲ. ಕಳೆದ ತಿಂಗಳು ಬಾಣೇರಿನಲ್ಲಿ ನಾವು ಭೇಟಿಯಾದ ಇನ್ವೆಸ್ಟರ್ ಸಾಹೇಬರಿಗೆ ಇತ್ತು. "13 ವರ್ಷದಿಂದ ಇದೊಂದೇನಾ?" ಎಂದು ಅವರು ಕೇಳಿದಾಗ ನಿನ್ನ ಮುಖ ಸಣ್ಣದಾಯಿತು. ಅವರು ಕೆಟ್ಟವರಲ್ಲ ಮಾರಾಯಾ. ಬೇರೆಯವರ ದುಡ್ಡು ಕೂಡಿಸಿ ಕಂಪನಿಗಳಿಗೆ ಹಾಕುವ ಇಂಥ ಫಂಡಿನ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಮೊದಲ ನಾಲ್ಕೈದು ವರ್ಷ ಹಾಕುವುದು, ಆಮೇಲೆ ಕೀಳುವುದು. ಅವರ ಫಂಡಿಗೆ ಆರನೇ ವರ್ಷವಾಗಿದ್ದರೆ ನಿನಗೆ ಸಿಗುವುದು ನಾಲ್ಕೇ ವರ್ಷ. ಮುಂದಿನ ಸಲ ಯಾರಾದರೂ ಎಕ್ಸಿಟ್, ಅಂದರೆ ಹಾಕಿದ ದುಡ್ಡು ಹೊರತೆಗೆಯುವುದರ ಬಗ್ಗೆ ಕೇಳಿದರೆ, "ನಿಮ್ಮ ಫಂಡ್ ಶುರುವಾದದ್ದು ಯಾವಾಗ?" ಎಂದು ನೀನೂ ಕೇಳು. ಸಂಕೋಚ ಬೇಡ.

ಗಡುವಿಲ್ಲದ ದುಡ್ಡು ಹೇಗಿರುತ್ತದೆ ನೋಡು. ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್ ಪತ್ರಿಕೆ, ಟಿವಿಯ ಕಂಪನಿಯಾಗಿತ್ತು. 2001ರಲ್ಲಿ ಚೀನಾದ ಇಂಟರ್ನೆಟ್ ಕಂಪನಿ ಟೆನ್ಸೆಂಟಿನಲ್ಲಿ 3.2 ಕೋಟಿ ಡಾಲರ್ ಹಾಕಿ, 2018ರವರೆಗೆ ಒಂದು ಷೇರನ್ನೂ ಮಾರಲಿಲ್ಲ. ಆಗ ಮಾರಿದ, ಟೆನ್ಸೆಂಟಿನ ಒಟ್ಟು ಷೇರುಗಳ ಶೇ. 2ರಷ್ಟಕ್ಕೇ ಸುಮಾರು 980 ಕೋಟಿ ಡಾಲರ್ ಬಂತು. ನಮ್ಮ ಪುಣೆಯದೇ ಬೇಕೆಂದರೆ ಕ್ವಿಕ್ ಹೀಲ್ ನೋಡು. ಅಣ್ಣ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್ ರಿಪೇರಿಯಿಂದ ಬಂದವರು, ತಮ್ಮ ಸಂಜಯ್ 90ರ ದಶಕದಲ್ಲಿ ಆಂಟಿವೈರಸ್ ಬರೆದರು. ಸಿಕೋಯಾ ಎಂಬ ಇನ್ವೆಸ್ಟರ್ ಕಂಪನಿಯ 60 ಕೋಟಿ ರೂಪಾಯಿ ಬಂದದ್ದು 2010ರಲ್ಲಿ. ಅಲ್ಲಿಯವರೆಗೆ ಅಂಗಡಿ ನಡೆದದ್ದು ಗಿರಾಕಿಗಳ ದುಡ್ಡಿನಲ್ಲೇ. ನಿನ್ನ ಸ್ಕ್ಯಾನಿಂಗ್ ಕೆಲಸವನ್ನು ನೀನು ಕೂಲಿ ಅನ್ನುತ್ತೀ. ನನಗಂತೂ ನಿನ್ನ ಅತಿ ತಾಳ್ಮೆಯ ಇನ್ವೆಸ್ಟರ್ ಅದೇ ಅನ್ನಿಸುತ್ತದೆ. ಬಿಡಬೇಡ.

ಸೋತವರ ಕಥೆ ಯಾರೂ ಬರೆದಿಡುವುದಿಲ್ಲ, ಅದೂ ಗೊತ್ತು. ಹಾಗಾಗಿ ಗೆದ್ದೇ ಗೆಲ್ಲುತ್ತೀ ಎಂದು ಸುಮ್ನೆ ಹೇಳಲಾರೆ.

ಝೆರಾಕ್ಸ್ ಇದರ ಜೊತೆಗಿದೆ. ಎರಡನೇ ಸಲ ಚೆನ್ನಾಗಿ ಬಂತು. ಕಾಗದ ಬರೆದವರು ಮೊದಲು ಸಾಲಿನುದ್ದಕ್ಕೂ ಗೆರೆ ಎಳೆದು, ಅದಕ್ಕೆ ಅಕ್ಷರ ತೂಗುಹಾಕುತ್ತಾ ಹೋಗಿದ್ದಾರೆ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರು, ಯಾರಿಗೆ ಗೊತ್ತು. ಹೋದ ಸಲ ನಿನ್ನ ಪ್ರೋಗ್ರಾಂ ಹನ್ನೆರಡು ಸಾಲಿನಲ್ಲಿ 'ಎತ್ತು' ಎಂಬ ಒಂದೇ ಪದ ಓದಿ ಕೈಚೆಲ್ಲಿತ್ತು. ಈಗ ಮತ್ತೆ ಓದಿಸಿ ನೋಡು. ಅಜ್ಜ ಎತ್ತು ಕೊಂಡನೋ ಮಾರಿದನೋ, ಅವ್ವ ಇನ್ನೂ ಕೇಳುತ್ತಿದ್ದಾಳೆ.

ನಿನ್ನ,
ಶಂಕರ