ಜಲಾಶಯದಲ್ಲಿ ನೆರೆಗೂ ಜಾಗ ಬಿಡಿ

ಸಂಪಾದಕರೇ,

ಭೀಮಾ ದಂಡೆಯ ನಮ್ಮೂರಿನ ಗುಡಿ ಗೋಡೆ ಮೇಲೆ 2020ರ ಅಕ್ಟೋಬರ್ ನೆರೆಯ ಕೆಸರಿನ ಗೆರೆ ಇನ್ನೂ ಇದೆ. ನನ್ನ ಎದೆಮಟ್ಟಕ್ಕಿದೆ. ಆ ವರ್ಷ ನಮ್ಮ ತೊಗರಿ ಹೂ ಬಿಡುವ ಹೊತ್ತಿಗೆ ನೀರಲ್ಲಿ ನಿಂತು ಕೊಳೆತುಹೋಯಿತು.

ಮೇಲೆ ಮಹಾರಾಷ್ಟ್ರದಲ್ಲಿ ಇದೇ ಭೀಮಾ ನದಿಗೆ ಕಟ್ಟಿದ ಉಜನಿ ಇದೆ, ಸುಮಾರು 117 ಟಿಎಂಸಿ ಹಿಡಿಯುವ ಡ್ಯಾಮ್. ಆದರೂ ನೆರೆ ಯಾಕೆ ಅಂತ ಜನ ಕೇಳುತ್ತಾರೆ. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಹೊರಗೇ ಚೆಲ್ಲುತ್ತದೆ, ಅಲ್ವಾ? ಬೇಸಿಗೆಗೆ ನೀರು ಬೇಕು, ಅದಕ್ಕೇ ಮಳೆಗಾಲದ ಕೊನೆಗೆ ಜಲಾಶಯ ತುಂಬಿಸಿಡುತ್ತಾರೆ. ಆಗ ವಾಯುಭಾರ ಕುಸಿತದ ಮಳೆ ಬಂದರೆ ಗೇಟ್ ಎತ್ತಲೇಬೇಕು. ಕೆಳಗಿನ ಸೊನ್ನ, ಸನ್ನತಿ ಬ್ಯಾರೇಜ್‌ಗಳಿಗೆ ಅಷ್ಟು ನೀರು ತಡೆಯುವ ಶಕ್ತಿ ಇಲ್ಲ. ಮುನ್ಸೂಚನೆ ನೋಡಿಕೊಂಡು ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಡಲಿ. ಬಿಡುವ ಸುದ್ದಿ ಅದೇ ದಿನ ಹಳ್ಳಿಯ ಡಂಗುರದವರಿಗೂ ಮುಟ್ಟಲಿ.

ಚಿಂಚೋಳಿಯ ಚಂದ್ರಂಪಳ್ಳಿ, ಬೀದರ್‌ನ ಕಾರಂಜಾ ಜಲಾಶಯಗಳಿಗೆ ಜನ ಸುತ್ತಾಡಲು ಹೋಗುತ್ತಾರೆ. ನಮ್ಮ ಮಕ್ಕಳಿಗೂ ಅಂಥ ಜಾಗ ಬೇಕು. ದೋಣಿ ಬಿಡಲಿ, ಉದ್ಯಾನ ಮಾಡಲಿ. ಆದರೆ ದೋಣಿ ತೇಲಲಿ ಅಂತ ನೀರಿನ ಮಟ್ಟ ಏರಿಸಿಡುವುದು ಬೇಡ. ಮೊದಲು ಕೋಡಿಗೆ ಬೇಲಿ ಹಾಕಲಿ, ಸೈರನ್ ಇಡಲಿ. ಹೋದ ಭಾನುವಾರ ಒಂದು ಡ್ಯಾಮ್‌ನಲ್ಲಿ ಹತ್ತು ವರ್ಷದ ಹುಡುಗ ಒಂದು ಕೈಲಿ ಚಪ್ಪಲಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಪಾಚಿಗಟ್ಟಿದ ಕೋಡಿ ಮೇಲೆ ನಿಂತಿದ್ದ. ಕರೆದು ಕೆಳಗಿಳಿಸಲು ಅಲ್ಲಿ ಒಬ್ಬ ಕಾವಲುಗಾರನೂ ಇರಲಿಲ್ಲ.

– ಒಬ್ಬ ಓದುಗ, ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ