ತಪ್ಪಾದ ಪ್ರಶ್ನೆಯ ಹತ್ತಿರ ಸ್ವಲ್ಪ ಹೊತ್ತು ಕೂತುಕೋ

ಪ್ರೀತಿಯ ಮಾನಸಾ,

ಆಶೀರ್ವಾದಗಳು. ನೀನು ಮೂರು ವಾರದಲ್ಲಿ ಅಮೆರಿಕದ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನ ಒಂಬತ್ತು ಪ್ರಾಕ್ಟೀಸ್ ಟೆಸ್ಟ್ ಮುಗಿಸಿದ್ದೀಯಂತೆ, ಆದರೂ ಸ್ಕೋರ್ ಇದ್ದಲ್ಲೇ ಇದೆಯಂತೆ. ಮೊನ್ನೆ ಅಣ್ಣ ಫೋನಿನಲ್ಲಿ ಹೇಳಿದ. ಅವನಿಗೆ ನಿನ್ನ ಶ್ರದ್ಧೆ ಕಂಡು ಹೆಮ್ಮೆ. ನನಗೆ ಎದೆ ಧಸಕ್ಕೆಂದಿತು. ನಾನೂ ಹೀಗೇ ಮಾಡಿದ್ದೆ ಮಗಳೇ. ಟೆಸ್ಟ್ ಬರೆಯೋದು, ಸ್ಕೋರ್ ನೋಡೋದು, ಬೇಜಾರು ಮಾಡಿಕೊಂಡು ಮರುದಿನ ಇನ್ನೊಂದು ಬರೆಯೋದು. ಪರೀಕ್ಷೆಗೆ ಒಂದು ತಿಂಗಳಿದೆ ಅನ್ನುವಾಗ ನನ್ನ ಹತ್ತಿರ ಹೊಸ ಟೆಸ್ಟೇ ಉಳಿದಿರಲಿಲ್ಲ.

ಎರಡು ವಾರ ಹೊಸ ಟೆಸ್ಟ್ ಮುಟ್ಟಬೇಡ. ಬರೆದಿರುವ ಒಂಬತ್ತರಲ್ಲೇ ಬೇಕಾದಷ್ಟು ಕೆಲಸ ಇದೆ. ಒಂದು ನೋಟ್‌ಬುಕ್ ಇಟ್ಟುಕೋ. ತಪ್ಪಾದ ಪ್ರತಿ ಪ್ರಶ್ನೆಗೂ ಎರಡು ವಿಷಯ ಬರೆ: ತಪ್ಪು ಉತ್ತರ ನಿನಗೆ ಯಾಕೆ ಸರಿ ಅನ್ನಿಸಿತು, ಯಾವ ಪದ ಗಮನಿಸಿದ್ದರೆ ಬಚಾವಾಗುತ್ತಿದ್ದೆ. 'ಅವಸರದಲ್ಲಿ ತಪ್ಪಾಯ್ತು' ಅಂತ ಮಾತ್ರ ಬರೆಯಬೇಡ. ಅದರಿಂದ ಏನೂ ಗೊತ್ತಾಗಲ್ಲ.

ಒಂದು ಉದಾಹರಣೆ ನೋಡು. 'ಕಾರ್ಡ್ ಇದ್ದವರಿಗೆ ಮಾತ್ರ ಲೈಬ್ರರಿಯಲ್ಲಿ ಪುಸ್ತಕ ಕೊಡುತ್ತಾರೆ. ಸುಮಾ ಹತ್ತಿರ ಕಾರ್ಡ್ ಇದೆ. ಹಾಗಾಗಿ ಅವಳಿಗೆ ಪುಸ್ತಕ ಸಿಕ್ಕೇ ಸಿಗುತ್ತದೆ.' ಓದಿದರೆ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಕಾರ್ಡ್ ಇಲ್ಲದಿದ್ದರೆ ಕೊಡಲ್ಲ ಅಂದರೇ ಹೊರತು, ಇದ್ದವರಿಗೆಲ್ಲ ಕೊಡುತ್ತೇವೆ ಅಂತ ಯಾರೂ ಹೇಳಲಿಲ್ಲ. ಇಡೀ ವಾದ ಆ 'ಮಾತ್ರ' ಅನ್ನೋ ಪದದಲ್ಲಿ ಮುಗ್ಗರಿಸಿದೆ. ಇಂಗ್ಲಿಷಿನ 'ಓನ್ಲಿ ಇಫ್', 'ಅನ್‌ಲೆಸ್' ನನ್ನನ್ನು ತಿಂಗಳುಗಟ್ಟಲೆ ಹೀಗೇ ಬೀಳಿಸಿದ್ದವು. ಕೊನೆಗೆ ಅಂಥ ವಾಕ್ಯಗಳನ್ನು ಕನ್ನಡದಲ್ಲಿ ಜೋರಾಗಿ ನನಗೇ ಹೇಳಿಕೊಳ್ಳೋಕೆ ಶುರು ಮಾಡಿದೆ. ಆಗ ತಪ್ಪು ಎಲ್ಲಿದೆ ಅಂತ ತಾನಾಗೇ ಕಾಣೋದು. ನೀನೂ ಮಾಡಿ ನೋಡು.

ಇನ್ನೊಂದು ಅಭ್ಯಾಸ ಇದೆ, 'ಬ್ಲೈಂಡ್ ರಿವ್ಯೂ' ಅನ್ನುತ್ತಾರೆ. ಟೈಮ್ ಇಟ್ಟುಕೊಂಡು ಬರೆಯುವಾಗ ಅನುಮಾನ ಬಂದ ಪ್ರಶ್ನೆಗಳಿಗೆ ಗುರುತು ಹಾಕಿಕೋ. ಮುಗಿದ ಮೇಲೆ ಉತ್ತರ ನೋಡದೆ, ಗಡಿಯಾರ ಪಕ್ಕಕ್ಕಿಟ್ಟು, ಅವನ್ನು ನಿಧಾನವಾಗಿ ಇನ್ನೊಮ್ಮೆ ಮಾಡು. ಆಮೇಲೆ ಉತ್ತರ ತೆಗೆ. ಎರಡನೇ ಸಲ ಸರಿಯಾದರೆ ನಿನಗೆ ಬೇಕಿರುವುದು ವೇಗ. ಆಗಲೂ ತಪ್ಪಾದರೆ ವಿಷಯವೇ ಅರ್ಥವಾಗಿಲ್ಲ. ಇವೆರಡಕ್ಕೂ ಒಂದೇ ಮದ್ದು ಕೆಲಸ ಮಾಡಲ್ಲ.

ಪುಸ್ತಕಗಳ ವಿಷಯ. ಯಾರೋ ಕೊಟ್ಟ ಹಳೆಯ ಗೈಡ್ ಇಟ್ಟುಕೊಂಡಿದ್ದರೆ ಅದರ 'ಲಾಜಿಕ್ ಗೇಮ್ಸ್' ಅನ್ನೋ ಒಗಟಿನಂಥ ಪ್ರಶ್ನೆಗಳ ಭಾಗ ಬಿಟ್ಟುಬಿಡು. 2024ರ ಆಗಸ್ಟ್‌ನಿಂದ ಪರೀಕ್ಷೆಯಲ್ಲಿ ಅದಿಲ್ಲ. ಈಗ ಅಂಕ ಲೆಕ್ಕಕ್ಕೆ ಬರುವುದು ಮೂರು ಭಾಗ: ವಾದಗಳನ್ನು ಒರೆಗೆ ಹಚ್ಚುವ ಲಾಜಿಕಲ್ ರೀಸನಿಂಗ್ ಎರಡು, ಓದಿ ಅರ್ಥಮಾಡಿಕೊಳ್ಳುವ ರೀಡಿಂಗ್ ಕಾಂಪ್ರಹೆನ್ಷನ್ ಒಂದು. ಲೆಕ್ಕಕ್ಕಿಲ್ಲದ ಇನ್ನೊಂದು ಭಾಗವೂ ಇರುತ್ತೆ, ಆದರೆ ಯಾವುದು ಅಂತ ನಿನಗೆ ಗೊತ್ತಾಗಲ್ಲ. ಹಾಗಾಗಿ ಮನೆಯಲ್ಲಿ ಪೂರ್ತಿ ಟೆಸ್ಟ್ ಬರೆಯುವಾಗ ನಾಲ್ಕೂ ಭಾಗ ಬರೆ. ಒಂದೊಂದಕ್ಕೆ 35 ನಿಮಿಷ, ಎರಡಾದ ಮೇಲೆ 10 ನಿಮಿಷ ಬಿಡುವು. ಮೂರೇ ಬರೆದು ರೂಢಿಯಾದರೆ ಪರೀಕ್ಷೆಯ ದಿನ ಕೊನೆಯ ಭಾಗದಲ್ಲಿ ತಲೆ ಓಡಲ್ಲ.

ಪ್ರಶ್ನೆಗಳ ವಿಷಯದಲ್ಲಿ ಮಾತ್ರ, ಈ ಪರೀಕ್ಷೆ ನಡೆಸುವ ಎಲ್‌ಸ್ಯಾಕ್ ಸಂಸ್ಥೆಯವರ ಲಾಹಬ್ ವೆಬ್‌ಸೈಟ್ ಬಿಟ್ಟು ಬೇರೆ ಕಡೆ ಹೋಗಬೇಡ. ಉಚಿತ ಖಾತೆಯಲ್ಲೇ ಕೆಲವು ಪೂರ್ತಿ ಟೆಸ್ಟ್ ಸಿಗುತ್ತವೆ, ದುಡ್ಡು ಕಟ್ಟಿದರೆ ಇನ್ನೂ ಜಾಸ್ತಿ. ಹಿಂದಿನ ಪರೀಕ್ಷೆಗಳ ಅಸಲಿ ಪ್ರಶ್ನೆಗಳು ಅವು, ಹೊಸ ಮಾದರಿಗೆ ಹೊಂದಿಸಿ ಕೊಟ್ಟಿದ್ದಾರೆ. ಬೇರೆಯವರು ತಾವೇ ತಯಾರಿಸಿದ ಪ್ರಶ್ನೆಗಳಲ್ಲಿ ಆ ಸೂಕ್ಷ್ಮ ಇರಲ್ಲ. ಪಾಠ ಯಾರಿಂದ ಬೇಕಾದರೂ ಕಲಿ, ಪ್ರಶ್ನೆ ಮಾತ್ರ ಅಸಲಿಯೇ ಇರಲಿ.

ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಗೊತ್ತಲ್ಲ? ಕೊನೆಯ ನಿಮಿಷದಲ್ಲಿ ಒಂದನ್ನೂ ಖಾಲಿ ಬಿಡಬೇಡ.

ಕೊನೆಯ ಆರು ವಾರಕ್ಕೆ ವಾರಕ್ಕೊಂದರಂತೆ ಆರು ಹೊಸ ಟೆಸ್ಟ್ ಈಗಲೇ ಎತ್ತಿಡು. ಸ್ಕೋರ್ ಎಷ್ಟು ಬಂತು ಅಂತ ಅಪ್ಪನಿಗೆ ವಾರವಾರ ಹೇಳಬೇಕಾಗಿಲ್ಲ, ಅವನಿಗೆ ನಾನು ಹೇಳುತ್ತೇನೆ. ಭಾನುವಾರ ಸಂಜೆ ನೋಟ್‌ಬುಕ್ ಹಿಡಿದುಕೊಂಡು ಫೋನ್ ಮಾಡು. ಮೊದಲ ಹತ್ತು ತಪ್ಪುಗಳನ್ನು ಇಬ್ಬರೂ ಕೂತು ನೋಡೋಣ.

ನಿನ್ನ ಪ್ರೀತಿಯ
ಅತ್ತೆ